ಎರಡೂ ಬದಿ ಬರೆದ ಕಾಗದ

ಮಾರ್ಚ್ ೩, ಸೋಮವಾರ

ಇವತ್ತು ನನ್ನ ಮನೆಯಲ್ಲೇ ನನ್ನ ಮಾಲು ಜಪ್ತಿಯಾಯಿತು. ಹೊಳೆಯುವ ಕಾಗದದ ಸುರುಳಿ ಎರಡು, ಒಂದು ಬಂಗಾರದ್ದು, ಒಂದು ಕೆಂಪು. ಟೇಪು ಮೂರು. ಪ್ಲಾಸ್ಟಿಕ್ ರಿಬ್ಬನ್ನಿನ ಹೂವು ಒಂದು ಡಜನ್. ಜಪ್ತಿ ಮಾಡಿದವಳು ನನ್ನ ಸೊಸೆ. ಈ ಪುಸ್ತಕದಲ್ಲಿ ಅವಳ ಹೆಸರು ಇನ್‌ಸ್ಪೆಕ್ಟರಮ್ಮ. ಒಣ ಕಸ ವಿಂಗಡಿಸುವ ಶೆಡ್ಡಿನಲ್ಲಿ ಮೇಲ್ವಿಚಾರಕಿ. ಇಡೀ ದಿನ ಊರವರ ಕಸ ನೋಡಿದ್ದು ಸಾಲದೆ ಸಂಜೆ ಮನೆಗೆ ಬಂದು ನನ್ನದನ್ನೂ ನೋಡುತ್ತಾಳೆ.

ಆದದ್ದು ಇಷ್ಟು. ಕೆಳಗಿನ ಬೇಕರಿಯವನ ಮೊಮ್ಮಗಳ ಹುಟ್ಟುಹಬ್ಬಕ್ಕೆ ಬೊಂಬೆ ತಂದು ಬಂಗಾರದ ಕಾಗದದಲ್ಲಿ ಸುತ್ತಿಟ್ಟಿದ್ದೆ. ಇವಳು ಬಂದವಳೇ ಉಳಿದ ತುಂಡನ್ನು ಮುಷ್ಟಿಯಲ್ಲಿ ಮುದುಡಿ ನನ್ನ ಮೂಗಿನ ಮುಂದೆ ಕೈ ಬಿಡಿಸಿದಳು.

"ನೋಡಿ ಮಾವ, ತಾನೇ ಬಿಚ್ಕೊಳ್ತಾ ಇದೆ. ಕಾಗದ ಆಗಿದ್ರೆ ಮುದುಡಿದ ಹಾಗೇ ಇರ್ತಿತ್ತು. ಇದು ಪ್ಲಾಸ್ಟಿಕ್ಕು. ನಮ್ಮ ಶೆಡ್ಡಲ್ಲಿ ಇದನ್ನ ಯಾರೂ ತಗೊಳ್ಳಲ್ಲ."

"ಮಗು ಹೊಳಪು ನೋಡಿ ಖುಷಿಪಡುತ್ತೆ ಕಣಮ್ಮ."

"ಖುಷಿ ಒಂದು ನಿಮಿಷ. ಆಮೇಲೆ ಅದು ನಮ್ಮ ಶೆಡ್ಡಲ್ಲೇ ಕೂತಿರುತ್ತೆ."

ಬೊಂಬೆಯನ್ನು ಬಿಚ್ಚಿ, ಪತ್ರಿಕೆಯ ವ್ಯಂಗ್ಯಚಿತ್ರದ ಪುಟದಲ್ಲಿ ಸುತ್ತಿ, ಹತ್ತಿಯ ದಾರ ಕಟ್ಟಿ, ಗಂಟಿನಲ್ಲಿ ಬಾಲ್ಕನಿಯ ಗಿಡದ ಎರಡು ಎಲೆ ಸಿಕ್ಕಿಸಿ ಕೊಟ್ಟು ಬಂದಳು. ಆ ಮಗು ಮೊದಲು ಚಿತ್ರ ನೋಡಿ ನಕ್ಕು ಆಮೇಲೆ ಬೊಂಬೆ ನೋಡಿತಂತೆ. ಇನ್ನು ಮೂರು ದಿನ ಇವಳ ಬಿಂಕ ಇಳಿಯುವುದಿಲ್ಲ.

ಮಗ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ನವೆಂಬರಿನಲ್ಲಿ ಹೋದವನು ಜುಲೈಗೆ ಬರುತ್ತಾನೆ. ನನ್ನವಳು ತೀರಿಕೊಂಡು ಆರು ವರ್ಷವಾಯಿತು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ. ನಲವತ್ತು ವರ್ಷ ಏಣಿ ಹತ್ತಿ ಅಂಗಡಿಗಳ ಬೋರ್ಡು ಬರೆದ ನನ್ನ ಬಲಭುಜ ಹೋದ ಮಳೆಗಾಲದಿಂದ ಹಿಡಿದುಕೊಂಡು ಕೂತಿದೆ. ಈಗ ಮೊಣಕೈ ಪಕ್ಕೆಗೆ ಒತ್ತಿಕೊಂಡು ಇಷ್ಟು ಬರೆಯಬಲ್ಲೆ, ಅಷ್ಟೆ. ಜುಲೈವರೆಗೆ ಇನ್ನು ನಾಲ್ಕು ತಿಂಗಳು.

ಮಾರ್ಚ್ ೫, ಬುಧವಾರ

ನಡುಮನೆಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂತಿದೆ. ಸುತ್ತುವ ಸಾಮಾನಿನ ಪೆಟ್ಟಿಗೆಯಂತೆ. ಹಳೆಯ ಪತ್ರಿಕೆ, ಹರಿದ ದಿಂಬಿನ ಚೀಲ, ಕುಪ್ಪಸದ ತುಂಡು, ದಾರ, ಎಲ್ಲಾ ಅದಕ್ಕೆ ಹೋಗಬೇಕು. ಅದಕ್ಕೊಂದು ಕಾನೂನೂ ಇದೆ.

"ಒಂದು ಬದಿ ಖಾಲಿ ಇರೋ ಕಾಗದ ಹಾಕ್ಬೇಡಿ ಮಾವ, ಅದು ಬರೆಯೋಕೆ ಬರುತ್ತೆ. ಎರಡೂ ಬದಿ ತುಂಬಿದ್ರೆ ಮಾತ್ರ ಇಲ್ಲಿಗೆ."

ನನ್ನ ಸಂಬಳವಿಲ್ಲದ ಮೇಲಧಿಕಾರಿಗೆ ಹೂಂ ಎಂದೆ. ಸಂಜೆ ಬೇಕೆಂತಲೇ ಒಂದು ಬದಿ ಖಾಲಿ ಇದ್ದ ಚೀಟಿ ಹಾಕಿದೆ. ಐದೇ ನಿಮಿಷದಲ್ಲಿ ಅದು ನನ್ನ ಕನ್ನಡಕದ ಡಬ್ಬಿಯ ಮೇಲೆ ವಾಪಸ್ ಬಂದಿತ್ತು.

ಮಾರ್ಚ್ ೮, ಶನಿವಾರ

ಇವತ್ತು ನನ್ನ ಸರದಿ. ಕಪಾಟಿನ ಕೆಳಗಿನ ಅಂಕಣದಲ್ಲಿ ಬೋರ್ಡಿನ ಅಕ್ಷರಗಳ ಅಳತೆ ಬರೆದ ನನ್ನ ಹಳೇ ಪುಸ್ತಕಗಳಿವೆ. ಕಂದು ರಟ್ಟು, ಒಂದೇ ಅಂಗಡಿಯ ಮಾಲು, ಈ ದಿನಚರಿಯೂ ಅದೇ ಜಾತಿಯದು. ಎಲ್ಲದರಲ್ಲೂ ಎರಡು ಬದಿಯೂ ಭರ್ತಿ. ಅದರಲ್ಲಿ ಏಳು ಪುಸ್ತಕಗಳನ್ನು ಧೂಳು ಕೂಡ ಕೊಡವದೆ ಎತ್ತಿ ತಂದು ಪೆಟ್ಟಿಗೆಗೆ ಸುರಿದೆ. ತುಂಬಿ ಮೇಲೆ ಗೋಪುರವಾಯಿತು. ಕಾನೂನು ಮಾಡಿದವಳು ಅನುಭವಿಸಲಿ.

ಬಂದು ನೋಡಿದಳು. ಮೇಲಿನ ಪುಸ್ತಕ ತೆರೆದು ಅಲ್ಲೇ ನಿಂತಳು. ಧೂಳಿಗೆ ಅವಳಿಗೊಂದು ಸೀನು ಬರಲಿ ಎಂದು ನಾನು ಕಾಯುತ್ತಿದ್ದೆ. ಬರಲಿಲ್ಲ.

"ಇದನ್ನ ನಿಜವಾಗ್ಲೂ ನನಗೆ ಅಂತ ಹಾಕಿದೀರಾ ಮಾವ?"

"ನಿನಗೇ. ಬೇಡವಾದದ್ದನ್ನ ತಾನೇ ಹಾಕೋದು? ಹಾಕಿದೀನಿ."

ಮುಖ ಸಣ್ಣದಾಯಿತು. ಆ ಪುಸ್ತಕ ಹಿಡಿದು ಒಳಗೆ ಹೋದಳು. ಗೆದ್ದೆ! ರಾತ್ರಿ ಊಟ ರುಚಿಯಾಗಿತ್ತು.

ಮಾರ್ಚ್ ೯, ಭಾನುವಾರ

ಸೊಸೆ ಬೆಳಗ್ಗಿನಿಂದ ಕೋಣೆ ಬಿಟ್ಟು ಬಂದಿಲ್ಲ. ನನ್ನ ಅಕ್ಷರದ ಅಳತೆಗಳಲ್ಲಿ ಅಷ್ಟೊತ್ತು ಓದುವಂಥದ್ದೇನಿದೆಯೋ! ಮಧ್ಯಾಹ್ನ ಬಂದಾಗ ಕಣ್ಣು ಕೆಂಪಾಗಿತ್ತು. ಧೂಳು. ಪಾಪ, ಕೊಡವಿಯೇ ಹಾಕಬಹುದಿತ್ತು. ಇರಲಿ, ಜಪ್ತಿಯಾದ ಬಂಗಾರದ ಕಾಗದಕ್ಕೆ ಇದು ಬಡ್ಡಿ.

ಮಾರ್ಚ್ ೧೨, ಬುಧವಾರ

ಮನೆ ಎಷ್ಟು ಶಾಂತವಾಗಿದೆ! ಮೂರು ದಿನದಿಂದ ಒಂದು ಕಾನೂನೂ ಜಾರಿಯಾಗಿಲ್ಲ. ಒಂದು ಬದಿ ಖಾಲಿ ಇರುವ ಕಾಗದ ಹಾಕಿ ನೋಡಿದೆ. ವಾಪಸ್ ಬರಲಿಲ್ಲ. ಇನ್ನೊಂದು ಹಾಕಿದೆ. ಅದೂ ಬರಲಿಲ್ಲ. ಹೀಗಾದರೆ ಮಜಾ ಎಲ್ಲಿ?

ಸಂಜೆ ಊಟದ ಮೇಜಿನ ಮೇಲೆ ಏನೋ ಕಾರ್ಖಾನೆ ನಡೆಯುತ್ತಿತ್ತು. ಮೈದಾಹಿಟ್ಟು ಕುದಿಸಿ ಅಂಟು ಮಾಡಿದ್ದಳು. ಆಲೂಗಡ್ಡೆ ಅರ್ಧ ಕತ್ತರಿಸಿ, ಎಲೆಯ ಆಕಾರ ಕೊರೆದು, ಪತ್ರಿಕೆಯ ಮೇಲೆ ಅಚ್ಚು ಒತ್ತುತ್ತಿದ್ದಳು. ಒಂದು ಎಲೆ ಇಲ್ಲಿ, ಇನ್ನೊಂದು ಅಲ್ಲಿ, ಮೂರನೆಯದು ಜಾರಿ ಬಿದ್ದ ಹಾಗೆ. ನಲವತ್ತು ವರ್ಷ ಅಕ್ಷರಗಳ ನಡುವಿನ ಜಾಗ ಅಳೆದವನಿಗೆ ಇದನ್ನು ನೋಡಿಕೊಂಡು ಸುಮ್ಮನೆ ಕೂರಲಾಗುತ್ತದೆಯೇ? ಆಲೂಗಡ್ಡೆ ಕಸಿದುಕೊಂಡೆ. ದಾರ ಎಳೆದು ಗೆರೆ ಹಾಕಿಕೊಟ್ಟೆ. ಎಡಗೈಯಲ್ಲಿ ಒತ್ತಿದರೂ ಸಾಲು ಸೈನಿಕರ ಹಾಗೆ ನಿಂತಿತು. ಹನ್ನೊಂದು ಹಾಳೆ ಮುಗಿಸಿದೆವು. ಇಷ್ಟೆಲ್ಲಾ ಯಾಕೆ ಎಂದು ಕೇಳಿದೆ.

"ಬೇಕರಿಯವರಿಗೆ, ಎದುರು ಮನೆ ಡಾಕ್ಟರಮ್ಮನಿಗೆ, ಗಡಿಯಾರ ರಿಪೇರಿ ಅಂಕಲ್‌ಗೆ ಏನಾದ್ರೂ ಕೊಡಬೇಕು ಅನ್ನಿಸ್ತು. ಹಾಗೇ ಸುಮ್ನೆ."

ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಕಾರಣವಿಲ್ಲದ ಉಡುಗೊರೆ! ಸ್ವಲ್ಪ ಹೊತ್ತಿನ ಮೇಲೆ ಅಂಟಿನ ಬಟ್ಟಲು ತೊಳೆಯುತ್ತಾ, "ಮಾವ, ನಿಮಗೆ ಒಬ್ಬರೇ ಇರೋದು ಇಷ್ಟ ಅಲ್ವಾ?" ಎಂದಳು.

"ಮಹಾರಾಜನ ಹಾಗೆ ಇರ್ತೀನಿ" ಎಂದೆ. ಹಾಗೆ ಕೇಳಿದರೆ ಮತ್ತೇನು ಹೇಳುವುದು?

ಮಾರ್ಚ್ ೧೫, ಶನಿವಾರ

ಕೆಟ್ಟೆ.

ಬೆಳಗ್ಗೆ ಬ್ರೆಡ್ಡು ತರಲು ಹೋದೆ. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ, ಕೇಕುಗಳ ನಡುವೆ, ಸೊಸೆ ಕೊಟ್ಟ ಪೊಟ್ಟಣ. ಆಲೂಗಡ್ಡೆ ಎಲೆಯ ಹಾಳೆಯ ಮೇಲೆ ಅಡ್ಡಪಟ್ಟಿಯಾಗಿ ಇನ್ನೊಂದು ಕಾಗದ ಸುತ್ತಿದ್ದಾಳೆ, ಅದರ ತುಂಬಾ ಕೈಬರಹ. ನನ್ನ ಕೈಬರಹ. ಅಕ್ಷರದ ಅಳತೆಯಲ್ಲ. ಗಾಜಿನ ಹೊರಗಿನಿಂದಲೇ ಓದಿದೆ: "ಈ ಬೇಕರಿಯವನು..." ಮುಂದಿನದು ಪೊಟ್ಟಣದ ಮೂಲೆ ತಿರುಗಿ ಹಿಂದಕ್ಕೆ ಹೋಗಿತ್ತು.

ಮೇಲೆ ಓಡಿ ಕಪಾಟು ನೋಡಿದೆ. ಹೋದ ವರ್ಷದ ದಿನಚರಿ ಇಲ್ಲ. ಪೆಟ್ಟಿಗೆಗೆ ಸುರಿದ ಏಳರಲ್ಲಿ ಅಳತೆಯ ಪುಸ್ತಕ ಆರೇ. ಏಳನೆಯದು ಅದೇ, ಗೋಪುರದ ತುದಿಯಲ್ಲಿದ್ದದ್ದು. ನನ್ನ ಕೈಯಾರೆ ನಾನೇ ಹಾಕಿದ್ದೇನೆ. ಅದರಲ್ಲಿ ಬೇಕರಿಯವನ ತಕ್ಕಡಿಯ ಬಗ್ಗೆ ಒಂದು ಪುಟ, ಅವನ ಹಾಡಿನ ಬಗ್ಗೆ ಎರಡು ಪುಟ, ಅವನ ಮೀಸೆಯ ಬಗ್ಗೆ ಒಂದಿಡೀ ವಾರವಿದೆ. ಡಾಕ್ಟರಮ್ಮನ ಬಗ್ಗೆ, ಗಡಿಯಾರದವನ ಬಗ್ಗೆ ಬರೆದದ್ದನ್ನು ನೆನೆಸಿಕೊಂಡರೆ ಊರು ಬಿಡುವುದೇ ವಾಸಿ ಅನ್ನಿಸುತ್ತದೆ.

ಮೂವರಿಗೂ ನಿನ್ನೆಯೇ ಕೊಟ್ಟು ಬಂದಿದ್ದಾಳೆ. ನನ್ನ ಕೈಬರಹ ಯಾಕೆ ಬಳಸಿದೆ ಎಂದು ಇವಳನ್ನು ಕೇಳೋಣವೆಂದರೆ, ನೀವೇ ಕೊಟ್ಟಿರಲ್ಲ ಎನ್ನುತ್ತಾಳೆ. ಯಾವ ಮುಖ ಇಟ್ಟುಕೊಂಡು ಕೇಳಲಿ? ಆ ಮೂರು ಕಾಗದಗಳನ್ನು ಸದ್ದಿಲ್ಲದೆ ವಾಪಸ್ ತರಬೇಕು.

ಮಾರ್ಚ್ ೧೬, ಭಾನುವಾರ

ಮೊದಲ ದಾಳಿ ಬೇಕರಿಗೆ. ಎಂಟಕ್ಕೊಂದು ಬನ್ನು, ಒಂಬತ್ತಕ್ಕೊಂದು, ಹತ್ತಕ್ಕೊಂದು. ಪ್ರತಿ ಸಲ ಬಗ್ಗಿ ಗಾಜಿನೊಳಗೆ ಇಣುಕಿದೆ. ಪೊಟ್ಟಣ ತಿರುಗಲಿಲ್ಲ. ನಾಲ್ಕನೇ ಬನ್ನಿನ ಹೊತ್ತಿಗೆ ಬೇಕರಿಯವನೇ ಕೌಂಟರಿನಿಂದ ಹೊರಗೆ ಬಂದ.

"ಬಿಚ್ಚೋಕೆ ಮನಸ್ಸೇ ಬರ್ಲಿಲ್ಲ ಸಾರ್, ಅದಕ್ಕೇ ಹಾಗೇ ಇಟ್ಟಿದೀನಿ. ನೀವು ನನ್ನ ಬಗ್ಗೆ ಹೀಗೆಲ್ಲಾ ಬರೆದಿದೀರಿ ಅಂತ ನನಗೆ ಗೊತ್ತೇ ಇರ್ಲಿಲ್ಲ."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವನು ಪೊಟ್ಟಣ ತಿರುಗಿಸಿ ತಾನೇ ಓದಿದ: "ಈ ಬೇಕರಿಯವನು ನನಗೆ ಜ್ವರ ಬಂದ ಒಂಬತ್ತು ದಿನವೂ ಬಾಗಿಲಲ್ಲಿ ಬಿಸಿ ಬ್ರೆಡ್ಡು ಇಟ್ಟು, ಬೆಲ್ ಮಾಡಿದರೆ ಎದ್ದು ಬರಬೇಕಾಗುತ್ತದೆಂದು ಬೆಲ್ ಮಾಡದೆ ಹೋದ. ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ."

ಅವನ ಕಣ್ಣು ಒದ್ದೆಯಾಗಿತ್ತು. ನನ್ನವೂ ಆದವು, ಬದುಕಿಕೊಂಡ ಖುಷಿಗೆ. ಮುನ್ನೂರು ಚಿಲ್ಲರೆ ಪುಟಗಳಲ್ಲಿ ಅದೊಂದೇ ಅವನ ಕೈಗೆ ಸಿಕ್ಕಿದೆಯಲ್ಲ! ನನ್ನ ಅದೃಷ್ಟ. ನಾಲ್ಕು ಬನ್ನಿಗೂ ದುಡ್ಡು ತೆಗೆದುಕೊಳ್ಳಲಿಲ್ಲ. ಸಂಜೆ ನಾನೂ ಸೊಸೆಯೂ ಅದನ್ನೇ ತಿಂದೆವು. "ಇಷ್ಟೊಂದು ಬನ್ನು ಯಾಕೆ ಮಾವ?" ಎಂದಳು. ಹಾಗೇ ಸುಮ್ನೆ ಎಂದೆ.

ಮಾರ್ಚ್ ೧೮, ಮಂಗಳವಾರ

ಬಾಯಿ ಊದಿದೆ. ಚುಟುಕಾಗಿ ಬರೆಯುತ್ತೇನೆ.

ಎದುರು ಮನೆಯ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಸುಮ್ಮನೆ ನುಗ್ಗಲಾಗುವುದಿಲ್ಲ. ಹಲ್ಲುನೋವು ಎಂದು ಸುಳ್ಳು ಹೇಳಿದೆ. ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಗೋಡೆ, ಮೇಜು, ಕಸದ ಬುಟ್ಟಿ ಎಲ್ಲಾ ಕಣ್ಣಲ್ಲೇ ತಡಕುತ್ತಿದ್ದೆ. ಅಷ್ಟರಲ್ಲಿ ಕರೆದು ಕುರ್ಚಿಗೆ ಒರಗಿಸಿ ದೀಪ ಹಾಕಿದರು. "ಇಷ್ಟು ಹುಳುಕಾಗಿದೆ, ಹೇಗೆ ತಡ್ಕೊಂಡಿದ್ರಿ? ಇದು ತೆಗೀಲೇಬೇಕು." ಅಯ್ಯೋ ನೋವಿಲ್ಲ ಎನ್ನುವಷ್ಟರಲ್ಲಿ ಸೂಜಿ ಒಳಗಿತ್ತು.

ಹಲ್ಲು ಬಟ್ಟಲಲ್ಲಿ ಟಣ್ ಎಂದ ಮೇಲೆ ತಲೆ ಎತ್ತಿದರೆ, ಎದುರಿಗೇ, ನೋಡುವ ಗೋಡೆಯಲ್ಲೇ, ಮಡಿಕೆ ಬಿಡಿಸಿ ಪಿನ್ನು ಚುಚ್ಚಿದ ನನ್ನ ಪುಟ: "ಡಾಕ್ಟರಮ್ಮನ ಕೈ ಹಗುರ. ಮಾತು ಅದಕ್ಕಿಂತ ಹಗುರ. ಹೆದರಿ ಹೋದವನು ನಗುತ್ತಾ ಬಂದೆ."

"ಬರೋ ಪೇಷಂಟುಗಳೆಲ್ಲಾ ಓದಿ ಧೈರ್ಯ ತಗೋತಿದಾರೆ" ಎಂದರು. ನನಗೆ ಮಾತಾಡಲಾಗಲಿಲ್ಲ, ಅರ್ಧ ಬಾಯಿ ಮರಗಟ್ಟಿತ್ತು. ಮತ್ತೆ ಒಳ್ಳೆಯ ಪುಟ. ಎರಡಕ್ಕೆ ಎರಡು. ಇದಕ್ಕೆ ಒಂದು ಹಲ್ಲು ಹೋಯಿತು.

ಸೊಸೆ ಗಂಜಿ ಮಾಡಿಕೊಟ್ಟಳು. ಯಾವ ಹಲ್ಲು ನೋಯುತ್ತಿತ್ತು ಎಂದು ಕೇಳಿದಾಗ ನನಗೇ ಗೊತ್ತಿಲ್ಲದೆ ಬೇರೆ ಕಡೆ ಕೈ ತೋರಿಸಿದೆ. ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು. ಹತ್ತು ದಿನದ ಮೇಲೆ ಈ ಮನೆಯಲ್ಲಿ ನಗು ಕೇಳಿಸಿತು. ಇನ್ನೊಂದು ಹಲ್ಲು ಹೋದರೂ ಚಿಂತೆಯಿಲ್ಲ ಅನ್ನಿಸಿದ್ದು ಮದ್ದಿನ ಮಂಪರು ಇರಬೇಕು.

ಮಾರ್ಚ್ ೨೦, ಗುರುವಾರ

ಮೂರನೆಯವನು ಗಡಿಯಾರ ರಿಪೇರಿಯವನು. ಮೂವತ್ತು ವರ್ಷದ ಗೆಳೆಯ, ಎರಡು ವರ್ಷದಿಂದ ಮಾತಿಲ್ಲ. ಅವನ ಅಂಗಡಿಯ ಬೋರ್ಡು ನೀಲಿ ಬರೆಯಬೇಕಿತ್ತು, ನಾನು ಹಸಿರು ಬರೆದೆ. ಹಸಿರೇ ಕೇಳಿದ್ದು ನೀನು ಎಂದು ಸಾಧಿಸಿದೆ. ಅವನಲ್ಲಿಗೆ ಹೇಗೆ ಹೋಗುವುದೆಂದು ಕೂತು ಹೊಂಚು ಹಾಕುತ್ತಿದ್ದರೆ, ಅವನೇ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ನನ್ನ ಪುಟ.

"'ನೀಲಿ ಡಬ್ಬಿ ಖಾಲಿಯಾಗಿತ್ತು, ಅಂಗಡಿಗೆ ಹೋಗೋಕೆ ಸೋಮಾರಿತನ, ತಪ್ಪು ನನ್ನದೇ.' ಅಲ್ಲಯ್ಯಾ, ಇದನ್ನ ಹೇಳೋಕೆ ಎರಡು ವರ್ಷ ಬೇಕಾ ನಿನಗೆ?"

ಇಬ್ಬರೂ ಸಂಜೆವರೆಗೆ ಚದುರಂಗ ಆಡಿದೆವು. ಸೋತೆ. ಅವನು ಹೋದ ಮೇಲೆ ಒಂದು ವಿಷಯ ತಲೆ ಕೊರೆಯಿತು. ನಾನು ಒಳ್ಳೆಯ ಮಾತು ಬರೆದ ಪುಟಗಳು ಆ ಪುಸ್ತಕದಲ್ಲಿ ನಾಲ್ಕೋ ಐದೋ ಇರಬಹುದು. ಅದರಲ್ಲಿ ಮೂರು, ಸರಿಯಾದ ಮೂರು ಮನೆಗೆ! ಅದೃಷ್ಟಕ್ಕೂ ಒಂದು ಮಿತಿ ಬೇಡವೇ?

ಮಾರ್ಚ್ ೨೨, ಶನಿವಾರ

ನಿದ್ದೆ ಬಂದಿಲ್ಲ. ನೆನಪಾದದ್ದು ಹೋದ ವರ್ಷ ಫೆಬ್ರವರಿಯ ಪುಟ. ಸೊಸೆ ಮನೆಗೆ ಬಂದು ಮೂರು ವಾರವಾಗಿತ್ತು. ಅದರಲ್ಲಿ ಏನು ಬರೆದಿದ್ದೇನೆಂದು ಇಲ್ಲಿ ಮತ್ತೆ ಬರೆಯಲು ಕೈ ಬರುವುದಿಲ್ಲ. ಅವಳು ಶೆಡ್ಡಿಗೆ ಹೋದ ಮೇಲೆ ಪೆಟ್ಟಿಗೆ ಬುಡಮೇಲು ಮಾಡಿ ಹುಡುಕಿದೆ. ಉಳಿದ ಪುಟಗಳನ್ನು ಅಚ್ಚುಕಟ್ಟಾಗಿ ಕಟ್ಟಿಟ್ಟಿದ್ದಾಳೆ. ಅದೊಂದು ಮಾತ್ರ ಇಲ್ಲ.

ಓದಿರಲಾರಳು. ಕತ್ತರಿ ಹಿಡಿದವರಿಗೆ ಓದಲು ಪುರುಸೊತ್ತೆಲ್ಲಿ?

ನಾಳೆ ತಾಯಿಯ ಮನೆಗೆ ಹೊರಟಿದ್ದಾಳೆ, ಬೆಳಗ್ಗೆ ಹತ್ತೂಕಾಲಿನ ಬಸ್ಸು. ಎರಡು ದಿನಕ್ಕೆ ಇರಬೇಕು. ಎರಡು ದೊಡ್ಡ ಪೆಟ್ಟಿಗೆ ಕಟ್ಟಿದ್ದಾಳೆ. ಹೆಂಗಸರ ಸಾಮಾನೇ ಹಾಗೆ.

ಮಾರ್ಚ್ ೨೩, ಭಾನುವಾರ

ಸ್ನಾನ ಮಾಡಿ ಬಂದಾಗ ಅವಳು ಹೋಗಿಯಾಗಿತ್ತು. ಹೇಳಿ ಹೋಗಲಿಲ್ಲವಲ್ಲ ಎಂದು ಗೊಣಗುತ್ತಾ ಊಟದ ಮೇಜಿಗೆ ಬಂದರೆ ಒಂದು ಪೊಟ್ಟಣ. ಹತ್ತಿಯ ದಾರ, ಎರಡು ಎಲೆ. ಆಲೂಗಡ್ಡೆ ಅಚ್ಚಿಲ್ಲ, ಬೇರೆ ಹಾಳೆಯಿಲ್ಲ. ಸುತ್ತಿದ್ದು ಆ ಪುಟದಲ್ಲೇ, ಅಕ್ಷರ ಹೊರಗಿಟ್ಟು.

"ಫೆಬ್ರವರಿ ೧೧. ಮಗನಿಗೆ ಬುದ್ಧಿಯಿಲ್ಲ. ಈ ಹುಡುಗಿ ಈ ಮನೆಗೆ ಹೊಂದುವವಳಲ್ಲ. ಎಷ್ಟು ಬೇಗ ಹೋಗುತ್ತಾಳೋ ಅಷ್ಟು ನೆಮ್ಮದಿ."

ಬೋರ್ಡಿನವನ ಅಕ್ಷರ. ಒಂದೊಂದೂ ಸ್ಪಷ್ಟ. ನನ್ನ ಅಕ್ಷರ ಓದಲು ಬಾರದಂತಿದ್ದಿದ್ದರೆ ಎಂದು ಮೊದಲ ಸಲ ಆಸೆಪಟ್ಟೆ.

ಒಳಗಿದ್ದದ್ದು ನನ್ನ ಭುಜಕ್ಕೆ ಬಿಸಿನೀರಿನ ಚೀಲ. ಅದಕ್ಕೊಂದು ಗವಸು, ನನ್ನದೇ ಹಳೇ ಅಂಗಿಯಿಂದ ಹೊಲಿದದ್ದು, ಹೆಗಲಿಗೆ ಕಟ್ಟಿಕೊಳ್ಳಲು ಎರಡು ಪಟ್ಟಿ ಬೇರೆ. ಎಡಗೈ ಒಂದರಲ್ಲೇ ಕಟ್ಟಿಕೊಳ್ಳಬಹುದು. ಒಬ್ಬನೇ ಇರುವವನಿಗೆಂದು ಯೋಚಿಸಿ ಮಾಡಿದ ಪಟ್ಟಿ.

ಆಗ ಅರ್ಥವಾಯಿತು, ಮಡ್ಡಿ ತಲೆಗೆ. ಎರಡು ಪೆಟ್ಟಿಗೆ, ಕಾರಣವಿಲ್ಲದ ಉಡುಗೊರೆಗಳು, ಕೆಂಪು ಕಣ್ಣು.

ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂತಿದ್ದಳು. ಏದುಸಿರು ಬಿಡುತ್ತಾ ಕಂಬಿ ಹಿಡಿದೆ.

"ಆ ಪುಟ ಹೋದ ವರ್ಷದ್ದು ಕಣಮ್ಮ!"

"ಗೊತ್ತು ಮಾವ. ತಾರೀಖಿದೆ."

"ಮತ್ತೆ?"

"ಹೋದ ವರ್ಷದ ಮಾತನ್ನ ಈ ವರ್ಷ ನನ್ನ ಪೆಟ್ಟಿಗೇಲಿ ಹಾಕಿದ್ರಿ. ನನಗೇ ಅಂತ ಹಾಕಿದೀರಾ ಅಂತ ಕೇಳಿದ್ರೆ, ನಿನಗೇ ಅಂದ್ರಿ. ಬಾಯಲ್ಲಿ ಹೇಳೋಕಾಗದೆ ಓದೋಕೆ ಕೊಟ್ಟಿದೀರಿ ಅಂದ್ಕೊಂಡೆ. ಶೆಡ್ಡಿಂದ ವರ್ಗಾವಣೆ ಕೇಳಿ ಅರ್ಜಿ ಬರೆದಿದೀನಿ. ನಾಳೆ ಅಮ್ಮನ ಊರಲ್ಲಿ ಕೊಡ್ತೀನಿ."

"ಅದು ದಿನಚರಿ ಅಂತ ನನಗೆ ಗೊತ್ತೇ ಇರ್ಲಿಲ್ಲ. ಅಳತೆ ಪುಸ್ತಕ ಅಂದ್ಕೊಂಡೆ. ನಿನ್ನ ಪೆಟ್ಟಿಗೆ ತುಂಬ್ಸಿ, ಧೂಳು ಕುಡಿಸಿ, ನೀನು ಒದ್ದಾಡೋದು ನೋಡೋಣ ಅಂತ..."

ಕಿಟಕಿಯ ಕಂಬಿಗೆ ಹಣೆ ತಾಗಿಸಿ ಬಗ್ಗಿದಳು.

"ಅಂದ್ರೆ ನನ್ನ ಓಡಿಸೋಕಲ್ಲ. ಬರೀ ಕಿರಿಕಿರಿ ಮಾಡೋಕೆ?"

"ಹೂಂ. ಬರೀ ಕಿರಿಕಿರಿ."

"ಡಾಕ್ಟರಮ್ಮನ ಹತ್ರ ಹಲ್ಲು ಕೀಳಿಸಿಕೊಂಡಿದ್ದು?"

"ಕಾಗದ ಕದಿಯೋಕೆ."

ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಆ ಮೂರು ಪುಟಗಳನ್ನು ಅವಳೇ ಆರಿಸಿದ್ದಳಂತೆ. "ನಾನು ಹೋದ್ಮೇಲೆ ನಿಮ್ಮನ್ನ ನೋಡ್ಕೊಳ್ಳೋರು ಯಾರಾದ್ರೂ ಇರಲಿ ಅಂತ." ನಾನು ಅದೃಷ್ಟ ಎಂದು ಬೀಗುತ್ತಿದ್ದೆ.

"ಮುನ್ನೂರು ಪುಟ ಓದಿದೆ ಮಾವ. ಬೇಕರಿಯವರ ಬಗ್ಗೆ ಒಂದು ಒಳ್ಳೇ ಮಾತಿದೆ, ಡಾಕ್ಟರಮ್ಮನ ಬಗ್ಗೆ ಇದೆ, ಜಗಳ ಆಡಿದ ಅಂಕಲ್ ಬಗ್ಗೆನೂ ಇದೆ. ನನ್ನ ಬಗ್ಗೆ ಒಂದೂ ಇಲ್ಲ."

ನಿಜವಾದ ಮಾತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಗುರುಗುಟ್ಟಿತು. ಬರೆಯಲು ಹಲಗೆಯಿಲ್ಲ, ಬಣ್ಣವಿಲ್ಲ, ಹೊತ್ತಿಲ್ಲ.

"ನೀನಿಲ್ಲದಿದ್ರೆ ನನಗೆ ಮನೇಲಿರೋಕೆ ಆಗಲ್ಲ" ಎಂದೆ. ಇಂಜಿನ್ನಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಕಿರುಚಿದೆ. "ಮಹಾರಾಜ ಅಂದಿದ್ದು ಸುಳ್ಳು! ನೀನು ವಾಪಸ್ ಬಾ!"

ಇಡೀ ಬಸ್ಸು ತಿರುಗಿ ನೋಡಿತು. ಹಿಂದಿನ ಸೀಟಿನ ಅಜ್ಜಿಯೊಬ್ಬಳು, "ಹೋಗ್ಲಿ, ಬರ್ತೀನಿ ಅನ್ನಮ್ಮ, ಪಾಪ ಹಲ್ಲೂ ಇಲ್ಲ ಅವರಿಗೆ" ಎಂದಳು. ಸೊಸೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಬಸ್ಸು ಚಲಿಸಿತು. ಕಿಟಕಿಯಿಂದ ಕೈ ಹೊರಗೆ ಚಾಚಿ ಒಂದು ಕಾಗದ ಕೊಟ್ಟಳು. ಅವಳ ವರ್ಗಾವಣೆಯ ಅರ್ಜಿ.

"ಮಂಗಳವಾರ ಬರ್ತೀನಿ. ನಾಲ್ಕು ಗಂಟೆ ಬಸ್ಸು" ಎಂದು ಕೂಗಿದಳು.

ಮಾರ್ಚ್ ೨೪, ಸೋಮವಾರ

ಮನೆ ಬಿಕೋ ಎನ್ನುತ್ತಿದೆ. ಚೀಲದ ಪಟ್ಟಿ ಎಡಗೈಯಲ್ಲಿ ಚೆನ್ನಾಗಿಯೇ ಕಟ್ಟಲಾಗುತ್ತದೆ, ಆದರೆ ಯಾರಾದರೂ ಕಟ್ಟಿದರೆ ಇನ್ನೂ ಚೆನ್ನ.

ಮಾರ್ಚ್ ೨೫, ಮಂಗಳವಾರ

ಗಡಿಯಾರದವನು ಆಟಕ್ಕೆ ಕರೆದ. ಇವತ್ತು ಬಿಡುವಿಲ್ಲ ಎಂದೆ. ಬಸ್ಸು ಬರುವುದು ನಾಲ್ಕಕ್ಕೆ. ನಾನೇನು ಅದಕ್ಕಾಗಿ ಎರಡು ಗಂಟೆಗೇ ಹೋಗಿ ಕಾದು ನಿಲ್ಲುವವನಲ್ಲ. ಎರಡೂವರೆಗೆ ಹೋದರೆ ಸಾಕು.